ಮಾರುವವನ ಮುಖ ಕಾಣದ ಸಂತೆ

ನನ್ನ ಫೋನಿನಲ್ಲಿ ಒಂದು ಫೋಟೋ ಇದೆ. ಕಾರಿನ ಕೆಳಗೆ ಮಲಗಿ, ಇಂಜಿನ್ನಿನ ಬದಿಗೆ ಪುಟ್ಟ ಕನ್ನಡಿ ಹಿಡಿದು ತೆಗೆದದ್ದು. ಗ್ರೀಸು, ಧೂಳು, ಅದರ ನಡುವೆ ಕಬ್ಬಿಣದಲ್ಲಿ ಉಬ್ಬಿ ನಿಂತ ಒಂದು ಅಕ್ಷರ, ಎರಡು ಅಂಕಿ. ಡಿ, 8, 0. ಕನ್ನಡಿಯಲ್ಲಿ ಡಿ ಉಲ್ಟಾ ಕಾಣುತ್ತದೆ. ಫೋಟೋದಲ್ಲಿ ಇರುವುದು ಅಷ್ಟೇ. ಆದರೆ ಮೂರು ವರ್ಷ ಅದು ನನ್ನ ತಲೆಯಿಂದ ಇಳಿಯಲಿಲ್ಲ.

ಡಿ ಅಂದರೆ ನಾಲ್ಕನೇ ತಿಂಗಳು, ಏಪ್ರಿಲ್. 8 ಅಂದರೆ ತಾರೀಕು. 0 ಅಂದರೆ 1970. ಆ ಇಂಜಿನ್ನಿನ ಬ್ಲಾಕ್, ಅಂದರೆ ಅದರ ಕಬ್ಬಿಣದ ಒಡಲು, ಎರಕ ಹೊಯ್ದ ದಿನ ಅದು. ಆ ಇಂಜಿನ್ ಕೂತಿದ್ದ ಕಾರು, ನನ್ನ ಕಾರು, 1970ರ ಶೆವ್ರೊಲೆ ಶೆವೆಲ್. ಅದರ ಬಾಡಿ ತಯಾರಾದದ್ದು ಅದೇ ವರ್ಷ ಫೆಬ್ರವರಿ ಮೂರನೇ ವಾರ. ಅಂದರೆ ಕಾರು ಫ್ಯಾಕ್ಟರಿ ಬಿಟ್ಟು ಹೊರಟಾಗ ಅದರ ಇಂಜಿನ್ ಇನ್ನೂ ಹುಟ್ಟೇ ಇರಲಿಲ್ಲ. ಕಾರು ಹರಾಜಿನಲ್ಲಿ ಮಾರಾಟಕ್ಕೆ ಬಂದಾಗ ಹೇಳಿದ್ದು ಮಾತ್ರ, ಇಂಜಿನ್ನಿನ ಮೇಲೆ ಕಾರಿನದೇ ನಂಬರ್ ಇದೆ ಅಂತ. ನಂಬರ್ ಇತ್ತು. ಅದು ಸುಳ್ಳಲ್ಲ. ಆ ಮಾತು ಸುಳ್ಳಲ್ಲದಿದ್ದರೂ ಅದನ್ನು ನಂಬಿ ನಾನು ಸೋತದ್ದು ಹೇಗೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ವುಡ್‌ವರ್ಡ್ ರಸ್ತೆಯ ಬದಿಯಲ್ಲಿ

ನಾನು ದೊಡ್ಡಬಳ್ಳಾಪುರದ ಕಡೆಯವನು. ಡೆಟ್ರಾಯ್ಟ್ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ಮಿಶಿಗನ್‌ಗೆ ಬಂದು ಎರಡು ದಶಕ ಆಯಿತು. ಇಲ್ಲಿ ಆಗಸ್ಟ್ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂ ಮೇಲೆ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತದೆ. 1995ರಲ್ಲಿ ಫರ್ನ್‌ಡೇಲ್ ಊರಿನಲ್ಲಿ ಶುರುವಾದದ್ದು, ಈಗ ಪಾಂಟಿಯಾಕ್ ಊರಿನ ತನಕ ಹಬ್ಬಿದೆ. ತೇರು ನೋಡಲು ಕೂರುವ ಹಾಗೆ ಜನ ಬೆಳಗ್ಗೆಯೇ ಬಂದು ರಸ್ತೆ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಬಂದ ಹೊಸದರಲ್ಲಿ ಸಹೋದ್ಯೋಗಿಯೊಬ್ಬರು ಕರೆದುಕೊಂಡು ಹೋದರು. ಸಿಗ್ನಲ್ಲಿನಲ್ಲಿ ಒಂದು 1970ರ ಶೆವೆಲ್ ಎಸ್‌ಎಸ್ ಬಂದು ನಿಂತಿತು. ಎಸ್‌ಎಸ್ ಅಂದರೆ ಸೂಪರ್ ಸ್ಪೋರ್ಟ್, ಶೆವೆಲ್ಲಿನ ಹೆಚ್ಚು ಶಕ್ತಿಯ ರೂಪ. ಕೆಂಪು ಬಣ್ಣ, ಬಾನೆಟ್ ಮೇಲೆ ಎರಡು ಕಪ್ಪು ಪಟ್ಟೆ. ಅದು ಸುಮ್ನೆ ನಿಂತಿತ್ತು, ಓಡುತ್ತಿರಲಿಲ್ಲ. ಆದರೂ ಅದರ ಇಂಜಿನ್ನಿನ ಗುಡುಗು ಕಿವಿಗಿಂತ ಮೊದಲು ಎದೆಗೆ ತಾಗಿತು. ಪೆಟ್ರೋಲ್ ವಾಸನೆ, ಬಿಸಿ ಗಾಳಿ, ನಡುಗುವ ಕನ್ನಡಿ. ಸಿಗ್ನಲ್ ಬಿಟ್ಟಿತು, ಹೋಯಿತು. ಒಂದಲ್ಲ ಒಂದು ದಿನ ಇಂಥದ್ದೊಂದು ನಮ್ಮ ಮನೆ ಮುಂದೆ ನಿಲ್ಲಬೇಕು ಅಂತ ಅವತ್ತೇ ಅನ್ನಿಸಿತ್ತು.

ಮಸಲ್ ಕಾರ್ ಅಂತ ಕರೆಯುವ ಈ ಕಾರುಗಳ ಕಾಲ ಚಿಕ್ಕದು. 1964ರಲ್ಲಿ ಪಾಂಟಿಯಾಕ್ ಕಂಪನಿ ತನ್ನ ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಇಂಜಿನ್ ಕೂರಿಸಿ ಜಿಟಿಓ ಅಂತ ಮಾರಿದ್ದು ಇದರ ಆರಂಭ ಅಂತ ಹೆಚ್ಚಿನವರು ಹೇಳುತ್ತಾರೆ. 1970ಕ್ಕೆ ಅದು ತುದಿ ಮುಟ್ಟಿತು. ಆ ವರ್ಷದ ಶೆವೆಲ್ಲಿಗೆ 454 ಎಲ್‌ಎಸ್6 ಇಂಜಿನ್ ಹಾಕಿಸಿಕೊಂಡರೆ 450 ಹಾರ್ಸ್‌ಪವರ್. (454 ಅನ್ನುವಂಥ ಅಂಕಿ ಇಂಜಿನ್ನಿನ ಗಾತ್ರ, ಕ್ಯೂಬಿಕ್ ಇಂಚಿನಲ್ಲಿ.) ಆಮೇಲೆ ಹೊಗೆಯ ಕಾನೂನು ಬಂತು, ಇನ್ಶೂರೆನ್ಸ್ ದುಬಾರಿಯಾಯಿತು, 1973ರಲ್ಲಿ ತೈಲದ ಬಿಕ್ಕಟ್ಟು. ಅಲ್ಲಿಗೆ ಮುಗಿಯಿತು. ಹತ್ತು ವರ್ಷವೂ ಇಲ್ಲ. ಹಾಗಾಗಿಯೇ ಇವಕ್ಕೆ ಇಷ್ಟು ಬೆಲೆ, ಮತ್ತು ಬೆಲೆ ಇರುವ ಕಡೆಯೇ ಮೋಸವೂ ಸೇರಿಕೊಳ್ಳುವುದು.

ತಾತ ಎತ್ತು ಕೊಳ್ಳುತ್ತಿದ್ದದ್ದು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೋಡಿದವರಿಗೆ ಇದು ಗೊತ್ತು. ನಾನು ಐದನೇ ಕ್ಲಾಸಿನಲ್ಲಿದ್ದಾಗ ತಾತ ನನ್ನನ್ನು ಕರೆದುಕೊಂಡು ಹೋಗಿದ್ದರು. ಒಂದು ಜೊತೆ ಹಳ್ಳಿಕಾರ್ ಎತ್ತು ಬೇಕಿತ್ತು. ಚಳಿ. ಹುಲ್ಲಿನ ವಾಸನೆ. ತಾತ ಮೊದಲ ದಿನ ಏನೂ ಕೊಳ್ಳಲಿಲ್ಲ, ಸುಮ್ನೆ ತಿರುಗಾಡಿದರು. ಎರಡನೇ ದಿನ ಒಂದು ಜೊತೆಯ ಹತ್ತಿರ ನಿಂತರು. ಕೊಂಬು ಹೆರೆದು ಎಣ್ಣೆ ಸವರಿ ಮಿರಮಿರ ಮಿಂಚಿಸಿದ್ದರು. ತಾತ ಕೊಂಬಿನ ಕಡೆ ನೋಡಲೇ ಇಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸಿದರು. ಗೊರಸು ಎತ್ತಿ ನೋಡಿದರು. ಸುಳಿ ನೋಡಿದರು. ನಡೆಸಿದರು, ಮಲಗಿಸಿ ಎಬ್ಬಿಸಿದರು. ಆಮೇಲೆ ಗಾಡಿಗೆ ಕಟ್ಟಿಸಿ ದೂರದ ಹುಣಸೆಮರದ ತನಕ ಹೊಡೆದುಕೊಂಡು ಹೋಗಿ ಬಂದರು. ಇಷ್ಟೆಲ್ಲ ಆದ ಮೇಲೆ ಎತ್ತಿನ ಯಜಮಾನನ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಲೆ ಅಡಿಕೆ ಚೀಲ ಅವನ ಕಡೆ ಚಾಚಿ ಕೇಳಿದರು, 'ಇಷ್ಟು ಒಳ್ಳೆ ಎತ್ತು, ಯಾಕಪ್ಪಾ ಮಾರ್ತಿದೀಯಾ?'

ಅವನು ಮಗಳ ಮದುವೆ ಅಂದ. ಯಾವ ಊರಿಗೆ ಕೊಡ್ತಿದೀಯಾ, ಗಂಡು ಯಾರ ಕಡೆಯವನು, ಲಗ್ನ ಯಾವತ್ತು ಅಂತ ತಾತ ಕೇಳುತ್ತಾ ಹೋದರು. ಅವನ ಮುಖ ನೋಡುತ್ತಾ ಇದ್ದರು. ಅದು ಬರೀ ಮಾತುಕತೆ ಅಲ್ಲ, ಅದೂ ಹಲ್ಲು ಎಣಿಸುವ ಕೆಲಸವೇ ಅಂತ ನನಗೆ ಅರ್ಥವಾದದ್ದು ತುಂಬಾ ವರ್ಷಗಳ ಮೇಲೆ. ಕೊನೆಗೆ ದಳ್ಳಾಳಿ ಬಂದ. ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ವ್ಯಾಪಾರ. ಸುತ್ತ ನಿಂತವರಿಗೆ ಎಷ್ಟು ಅಂತ ಗೊತ್ತಾಗಲ್ಲ. ಹಾಗಾಗಿ ಪಕ್ಕದವನ ಎದುರು ಸೋಲಬಾರದು ಅನ್ನುವ ಹಟಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಎರಡೂವರೆ ನಿಮಿಷ

2019ರ ವಸಂತದಲ್ಲಿ ಪಕ್ಕದ ರಾಜ್ಯದ ಒಂದು ಹರಾಜಿಗೆ ಹೋದೆ. ಹರಾಜು ಕಂಪನಿಯ ಹೆಸರು ಬೇಡ, ಅವರು ನಿಯಮ ಮುರಿಯಲಿಲ್ಲ. ಹಿಂದಿನ ದಿನ ಕಾರುಗಳನ್ನು ನೋಡಲು ಬಿಡುತ್ತಾರೆ. ನೋಡುವುದು ಅಂದರೆ ನೋಡುವುದು ಅಷ್ಟೇ. ಓಡಿಸಲು ಬಿಡಲ್ಲ. ಜಾಕ್ ಹಾಕಿ ಎತ್ತಲು ಬಿಡಲ್ಲ. ಬಾನೆಟ್ ತೆರೆದಿರುತ್ತದೆ, ಎಲ್ಲವೂ ಹೊಳೆಯುತ್ತಿರುತ್ತದೆ. ನನ್ನ ಶೆವೆಲ್ ಅಲ್ಲೇ ಇತ್ತು. ಕ್ರ್ಯಾನ್‌ಬೆರಿ ಕೆಂಪು, ಕಪ್ಪು ಪಟ್ಟೆ, ವುಡ್‌ವರ್ಡ್‌ನಲ್ಲಿ ನೋಡಿದ ಅದೇ ರೂಪ. ಮುಂದೆ ಒಂದು ಹಾಳೆ: ಎಸ್‌ಎಸ್ ಬ್ಯಾಡ್ಜ್‌ಗಳು, 396 ಇಂಜಿನ್, 12 ಬೋಲ್ಟ್ ಹಿಂದಿನ ಆಕ್ಸಲ್, ಮುಂದೆ ಡಿಸ್ಕ್ ಬ್ರೇಕ್, ಇಂಜಿನ್ ಪ್ಯಾಡ್ ಮೇಲೆ ಕಾರಿನ ನಂಬರ್. ನಾನು ಅದರ ಫೋಟೋ ತೆಗೆದುಕೊಂಡೆ. ಮೂರು ಸಾರಿ ಓದಿದೆ. ಇವತ್ತು ಓದಿದರೂ ಅದರಲ್ಲಿ ಒಂದು ಪದವೂ ಸುಳ್ಳಲ್ಲ. 'ಈ ಕಾರು ಫ್ಯಾಕ್ಟರಿಯಿಂದ ಎಸ್‌ಎಸ್ ಆಗಿಯೇ ಬಂದದ್ದು' ಅನ್ನುವ ವಾಕ್ಯ ಮಾತ್ರ ಎಲ್ಲೂ ಇರಲಿಲ್ಲ. ಅದನ್ನು ಸೇರಿಸಿ ಓದಿಕೊಂಡದ್ದು ನಾನು.

ಮರುದಿನ ಮಧ್ಯಾಹ್ನ ಅದು ವೇದಿಕೆಗೆ ಬಂತು. ಇಂಜಿನ್ ಚಾಲೂ, ಅದೇ ಗುಡುಗು, ಒಳಾಂಗಣ ಆದ್ದರಿಂದ ಇನ್ನೂ ಜಾಸ್ತಿ. ಹರಾಜು ಕೂಗುವವನ ಮಾತು ಮಂತ್ರ ಹೇಳಿದ ಹಾಗೆ ಉಸಿರಿಲ್ಲದೆ ಓಡುತ್ತದೆ, ನಿಮ್ಮ ಮುಂದೆ ಅವರ ಕಡೆಯ ಇನ್ನೊಬ್ಬ ಬಂದು ನಿಂತು ನಿಮ್ಮ ಕಣ್ಣನ್ನೇ ನೋಡುತ್ತಾ ಇನ್ನೊಂದು ಸಾವಿರ, ಇನ್ನೊಂದೇ ಸಾವಿರ ಅಂತ ಕೈ ಬೀಸುತ್ತಾನೆ, ದೊಡ್ಡ ಪರದೆಯ ಮೇಲೆ ಅಂಕಿ ಏರುತ್ತದೆ, ಆ ಕಡೆ ಮೂಲೆಯಲ್ಲಿ ಯಾರೋ ಬಿಡ್ ಮಾಡಿದರು ಅಂತ ಕೂಗುತ್ತಾರೆ, ತಿರುಗಿ ನೋಡಿದರೆ ಯಾರು ಅಂತ ಕಾಣಲ್ಲ. ರಿಸರ್ವ್, ಅಂದರೆ ಇದಕ್ಕಿಂತ ಕಡಿಮೆಗೆ ಮಾರಲ್ಲ ಅನ್ನುವ ಬೆಲೆ, ಇಟ್ಟ ಕಾರಾದರೆ ಆ ಬೆಲೆ ಮುಟ್ಟುವ ತನಕ ಮಾರುವವರ ಪರವಾಗಿ ಹರಾಜಿನವರೇ ಬಿಡ್ ಏರಿಸಬಹುದು ಅಂತ ಎಷ್ಟೋ ಕಡೆ ನಿಯಮಗಳಲ್ಲೇ ಬರೆದಿರುತ್ತದೆ. ನಾವು ಓದದೆ ಸಹಿ ಹಾಕುವ ಹಾಳೆಗಳಲ್ಲಿ ಅದೂ ಒಂದು. ನಾನು ಮನಸ್ಸಿನಲ್ಲಿ 45 ಸಾವಿರ ಡಾಲರ್ ಅಂತ ಗೆರೆ ಹಾಕಿಕೊಂಡಿದ್ದೆ. 52 ಸಾವಿರಕ್ಕೆ ಸುತ್ತಿಗೆ ಬಿತ್ತು, ಕಾರು ನನ್ನದಾಯಿತು. ಎರಡೂವರೆ ನಿಮಿಷ ಆಗಿರಬಹುದು, ಅದಕ್ಕಿಂತ ಜಾಸ್ತಿ ಇಲ್ಲ.

52 ಸಾವಿರ ಅನ್ನುವುದೂ ನಿಜವಾದ ಬೆಲೆಯಲ್ಲ. ಅದರ ಮೇಲೆ ಕೊಳ್ಳುವವರ ಕಮಿಷನ್ ನೂರಕ್ಕೆ 10, ಅಂದರೆ 5,200. ಒಟ್ಟು 57,200ರ ಮೇಲೆ ಮಿಶಿಗನ್ ತೆರಿಗೆ ನೂರಕ್ಕೆ 6, ಅದು 3,432. ಟ್ರೇಲರ್ ಬಾಡಿಗೆ ಬೇರೆ. ಮನೆಯಲ್ಲಿ ಹೆಂಡತಿ ಕೇಳಿದಳು, 'ಎಷ್ಟಾಯ್ತು ರೀ ಕೊನೆಗೆ?' ಅರವತ್ತು ದಾಟಿತು ಅಂದೆ. ಅವಳು ಬೈಯಲಿಲ್ಲ. 'ಯಾರ ಹತ್ರ ತಗೊಂಡ್ರಿ?' ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಹರಾಜಿನಲ್ಲಿ ಮಾರುವವನು ಕಾಣುವುದಿಲ್ಲ. ಅರವತ್ತು ಸಾವಿರ ಡಾಲರ್ ಕೊಟ್ಟು ಬಂದಿದ್ದೆ, ಯಾಕಪ್ಪಾ ಮಾರ್ತಿದೀಯಾ ಅಂತ ಯಾರನ್ನೂ ಕೇಳಿರಲಿಲ್ಲ.

'ಇದು ಹಸಿರು ಕಾರಲ್ಲವಾ?'

ನಮ್ಮ ಬೀದಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಹಳೆಯ ಶೆವ್ರೊಲೆಗಳನ್ನು ಬಿಚ್ಚಿ ಕಟ್ಟುವುದರಲ್ಲೇ ಆಯುಷ್ಯ ಕಳೆದವರು. ಕಾರು ಬಂದ ವಾರಕ್ಕೆ ನೋಡಲು ಕರೆದೆ. ಅವರು ಬಣ್ಣ ನೋಡಲಿಲ್ಲ, ಕೂತು ಸ್ಟೇರಿಂಗ್ ಹಿಡಿಯಲಿಲ್ಲ. ಬಾನೆಟ್ ಎತ್ತಿಸಿ, ಇಂಜಿನ್ನಿನ ಹಿಂದಿನ ಗೋಡೆಯಲ್ಲಿ ಮೊಳೆ ಹೊಡೆದಿದ್ದ ಸಣ್ಣ ತಗಡನ್ನು ಬೆರಳಲ್ಲಿ ಒರೆಸಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, ಇದು ಹಸಿರು ಕಾರಲ್ಲವಾ?

ಆ ತಗಡಿನಲ್ಲಿ ಬಣ್ಣದ ಕೋಡ್ 45 ಅಂತಿತ್ತು. 1970ರ ಶೆವ್ರೊಲೆಗಳಲ್ಲಿ 45 ಅಂದರೆ ಗ್ರೀನ್ ಮಿಸ್ಟ್, ತಿಳಿ ಹಸಿರು. ಕ್ರ್ಯಾನ್‌ಬೆರಿ ಕೆಂಪಿನ ಕೋಡ್ 75. ಆ ತಗಡು ಹರಾಜಿನ ಹಿಂದಿನ ದಿನವೂ ಅಲ್ಲೇ ಇತ್ತು, ನನ್ನ ಕಣ್ಣೆದುರಿಗೇ. ಅದರ ಫೋಟೋ ಕೂಡ ನನ್ನ ಫೋನಿನಲ್ಲಿತ್ತು. ಗ್ಲೌಬಾಕ್ಸ್ ಬಿಚ್ಚಿ ಟಾರ್ಚ್ ಹಾಕಿದೆವು. ಡ್ಯಾಶ್‌ಬೋರ್ಡಿನ ಹಿಂದೆ, ಕೆಂಪು ಬಣ್ಣ ಹೊಡೆದವರ ಕೈ ಎಟುಕದ ಜಾಗದಲ್ಲಿ, ತಿಳಿ ಹಸಿರು. ಮುಂದಿನ ಫೆಂಡರಿನ ಒಳಬದಿಯಲ್ಲಿ ಬೆಸುಗೆ ಹಾಕಿ ಮುಚ್ಚಿದ ಪುಟ್ಟ ತೂತುಗಳು. ಅಲ್ಲಿ ಮೊದಲು ಮಲಿಬು ಅನ್ನುವ ಅಕ್ಷರಗಳು ಕೂತಿದ್ದವು. ಅಂದರೆ ಇದು ಎಸ್‌ಎಸ್ ಅಲ್ಲ, ಮಲಿಬು ಅನ್ನುವ, ಮನೆಯವರೆಲ್ಲ ಕೂತು ಓಡಾಡುವ ಸಾದಾ ಶೆವೆಲ್. ಬಹುಶಃ 307 ಇಂಜಿನ್ನಿನದು.

ಆಮೇಲೆ ಇಂಜಿನ್. ಬಲಗಡೆ ಸಿಲಿಂಡರ್ ಹೆಡ್‌ನ ಮುಂದೆ ಎರಡು ಬೆರಳಗಲದ ಒಂದು ಸಪಾಟು ಜಾಗ ಇರುತ್ತದೆ, ಅದನ್ನು ಪ್ಯಾಡ್ ಅನ್ನುತ್ತಾರೆ. ಇಂಜಿನ್ ಎಲ್ಲಿ, ಯಾವತ್ತು ಜೋಡಿಸಿದ್ದು, ಯಾವ ಮಾದರಿ, ಜೊತೆಗೆ ಕಾರಿನ ನಂಬರಿನ ಒಂದು ಭಾಗ, ಎಲ್ಲ ಅಲ್ಲಿ ಒತ್ತಿರುತ್ತಾರೆ. ನನ್ನದರಲ್ಲಿ ಟಿ ಅಂತಿತ್ತು, ಅಂದರೆ ನ್ಯೂಯಾರ್ಕ್ ರಾಜ್ಯದ ಟೊನಾವಾಂಡಾ ಫ್ಯಾಕ್ಟರಿ. ತಾರೀಕು ಫೆಬ್ರವರಿಯದು. ಎಲ್ಲ ಸರಿಯಾಗಿತ್ತು. ಹಿರಿಯರು ಮಾತ್ರ ಅಂಕಿ ಓದಲಿಲ್ಲ, ಅಂಕಿಗಳ ನಡುವಿನ ಜಾಗ ನೋಡಿದರು. ಫ್ಯಾಕ್ಟರಿಯ ಯಂತ್ರ ಆ ಜಾಗವನ್ನು ಕೆತ್ತಿದಾಗ ಬಾಚಣಿಗೆ ಎಳೆದ ಹಾಗೆ ಸಣ್ಣ ನೇರ ಗೆರೆಗಳು ಉಳಿಯುತ್ತವೆ. ನನ್ನದರಲ್ಲಿ ಗೆರೆಗಳೇ ಇರಲಿಲ್ಲ. ಉಜ್ಜಿ ನುಣುಪು ಮಾಡಿದ ಸುತ್ತು ಗುರುತು ಇತ್ತು. ಇದೊಂದರಿಂದಲೇ ಮೋಸ ಅನ್ನುವ ಹಾಗಿಲ್ಲ ಅಂತ ಅವರೇ ಹೇಳಿದರು. ಪ್ರಾಮಾಣಿಕವಾಗಿ ಇಂಜಿನ್ ರಿಪೇರಿ ಮಾಡುವಾಗಲೂ ಆ ಮೇಲ್ಮೈ ಕೆತ್ತಿ ಗೆರೆ ಹೋಗುವುದುಂಟು. ಅದಕ್ಕೇ ಕನ್ನಡಿ ತಂದರು. ಪ್ಯಾಡ್ ಮೇಲಿನ ಅಂಕಿಯನ್ನು ಉಜ್ಜಿ ಮತ್ತೆ ಒತ್ತಬಹುದು. ಎರಕ ಹೊಯ್ಯುವಾಗಲೇ ಕಬ್ಬಿಣದಲ್ಲಿ ಉಬ್ಬಿ ನಿಂತ ತಾರೀಕನ್ನು ಬದಲಿಸುವುದು ಅಷ್ಟು ಸುಲಭ ಅಲ್ಲ, ಮತ್ತು ಅದು ಯಾರೂ ಬಗ್ಗಿ ನೋಡದ ಜಾಗದಲ್ಲಿದೆ. ಏಪ್ರಿಲ್‌ನಲ್ಲಿ ಎರಕ ಹೊಯ್ದ ಬ್ಲಾಕ್ ಫೆಬ್ರವರಿಯಲ್ಲಿ ಇಂಜಿನ್ ಆಗಿತ್ತು ಅಂತ ಮೇಲಿನ ಅಂಕಿ ಹೇಳುತ್ತಿತ್ತು.

ಯಾರು ಮಾಡಿದ್ದು ಅಂತ ಇವತ್ತಿಗೂ ಗೊತ್ತಿಲ್ಲ. ಐವತ್ತು ವರ್ಷದಲ್ಲಿ ಎಷ್ಟು ಕೈ ಬದಲಾಗಿದೆಯೋ. ವಕೀಲರ ಹತ್ತಿರ ಹೋದೆ. ಅವರು ಹಾಳೆ ಓದಿ, ಎಸ್‌ಎಸ್ ಆಗಿಯೇ ತಯಾರಾದದ್ದು ಅಂತ ಇದರಲ್ಲಿ ಎಲ್ಲಿದೆ ತೋರಿಸಿ ಅಂದರು. ಇದ್ದದ್ದು ಇದ್ದ ಹಾಗೆ, ಇದ್ದಲ್ಲೇ ಮಾರಾಟ ಅಂತ ಕರಾರಿನಲ್ಲಿತ್ತು. ನನ್ನ ಸಹಿಯೂ ಇತ್ತು. ಬೆಲೆ ಕಟ್ಟುವವರೊಬ್ಬರು 38 ಸಾವಿರ ಬಂದರೆ ಹೆಚ್ಚು ಅಂದರು.

ಕಬ್ಬಿಣಕ್ಕಲ್ಲ, ಮಾತಿಗೆ ಬೆಲೆ

ನನ್ನನ್ನು ಕಾಡಿದ್ದು ದುಡ್ಡಿಗಿಂತ ಇನ್ನೊಂದು ವಿಷಯ. ಆ ಕಾರು ಚೆನ್ನಾಗಿಯೇ ಓಡುತ್ತಿತ್ತು. ಗುಡುಗು ಅದೇ. 12 ಬೋಲ್ಟ್ ಆಕ್ಸಲ್ ನಿಜ, ಡಿಸ್ಕ್ ಬ್ರೇಕ್ ನಿಜ. ತಿಳಿಯುವ ಮುಂಚೆ ಅದು ಏನಿತ್ತೋ ತಿಳಿದ ಮೇಲೂ ಅದೇ. ಹಾಗಾದರೆ 20 ಸಾವಿರಕ್ಕೂ ಹೆಚ್ಚು ಡಾಲರ್ ಎಲ್ಲಿ ಹೋಯಿತು? ನಾನು ಕೊಂಡದ್ದು ಒಂದು ಮಾತನ್ನು. ಇದು ಹುಟ್ಟಿನಿಂದ ಎಸ್‌ಎಸ್ ಅನ್ನುವ ಮಾತು. ಈ ಲೋಕದಲ್ಲಿ ಬೆಲೆಯ ದೊಡ್ಡ ಪಾಲು ಕಬ್ಬಿಣಕ್ಕಲ್ಲ, ಆ ಮಾತಿಗೆ. ಹೆಮಿ ಅನ್ನುವ ದೊಡ್ಡ ಇಂಜಿನ್ ಇದ್ದ 1971ರ ಪ್ಲಿಮತ್ ಹೆಮಿ ಕುಡಾ ಕನ್ವರ್ಟಿಬಲ್, ಅಂದರೆ ಮಾಡು ಮಡಚುವ ಕಾರು, ಮಾಡಿದ್ದೇ 11. ಅದರಲ್ಲಿ ಒಂದು 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ 35 ಲಕ್ಷ ಡಾಲರ್‌ಗೆ ಹೋಯಿತು. ಅದೇ ವರ್ಷದ ಸಾದಾ ಇಂಜಿನ್ನಿನ ಕನ್ವರ್ಟಿಬಲ್ ಪಕ್ಕ ನಿಲ್ಲಿಸಿದರೆ ತಗಡು, ಗಾಜು, ಸೀಟು ಎಲ್ಲ ಹೆಚ್ಚುಕಮ್ಮಿ ಒಂದೇ. ಬೆಲೆ ಮಾತ್ರ ಹತ್ತಿರವೂ ಬರಲ್ಲ.

ಆ ಮಾತನ್ನು ಪರೀಕ್ಷೆ ಮಾಡುವ ದಾರಿ ಎಲ್ಲ ಕಂಪನಿಗೂ ಒಂದೇ ಅಲ್ಲ. ಇದನ್ನು ಹೊಸಬರಿಗೆ ಯಾರೂ ಮೊದಲೇ ಹೇಳಲ್ಲ. ಆ ಕಾಲದ ಕ್ರೈಸ್ಲರ್ ಕಂಪನಿಯ (ಪ್ಲಿಮತ್ ಇದರದೇ) ಕಾರುಗಳ ಗುರುತಿನ ನಂಬರಿನಲ್ಲಿ ಐದನೇ ಅಕ್ಷರವೇ ಇಂಜಿನ್ ಯಾವುದು ಅಂತ ಹೇಳುತ್ತದೆ. 1970, 1971ರ ಕಾರುಗಳಲ್ಲಿ ಆರ್ ಅಂದರೆ 426 ಹೆಮಿ. ಫೋರ್ಡ್ ಆದರೆ 1967ರಿಂದ ಈಚಿನ ಕಾರುಗಳಿಗೆ ಮಾರ್ಟಿ ರಿಪೋರ್ಟ್ ತರಿಸಬಹುದು, ಅದು ಫೋರ್ಡ್‌ನ ಸ್ವಂತ ದಾಖಲೆಯಿಂದಲೇ ತೆಗೆದದ್ದು. ಪಾಂಟಿಯಾಕ್‌ಗೂ ಫ್ಯಾಕ್ಟರಿ ಬಿಲ್ಲಿನ ಪ್ರತಿ ಸಿಗುತ್ತದೆ. ಶೆವೆಲ್ ಮಾತ್ರ ಕಷ್ಟ. 1968ರ ತನಕ ಎಸ್‌ಎಸ್ 396ಗೆ ಬೇರೆಯೇ ನಂಬರ್, 138 ಅಂತ ಶುರು. 1969ರಿಂದ ಎಸ್‌ಎಸ್ ಒಂದು ಆಪ್ಷನ್ ಆಯಿತು, 1970ರಲ್ಲಿ ಅದರ ನಂಬರ್ ಮಲಿಬುವಿನದೇ, 136. ಹಾಗಾಗಿ 1970ರ ಕಾರಿನ ನಂಬರ್ ಎಷ್ಟೇ ಅಸಲಿ ಇರಲಿ, ಅದು ಎಸ್‌ಎಸ್ ಹೌದೋ ಅಲ್ಲವೋ ಹೇಳುವುದೇ ಇಲ್ಲ. ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಟಿಕೊಂಡ ಬಿಲ್ಡ್ ಶೀಟ್, ಅಂದರೆ ಆ ಕಾರಿಗೆ ಏನೇನು ಹಾಕಬೇಕು ಅಂತ ಫ್ಯಾಕ್ಟರಿಯಲ್ಲಿ ಬರೆದ ಹಾಳೆ, ಸಿಕ್ಕರೆ ಪುಣ್ಯ. ಸಿಗದಿದ್ದರೆ ಎರಕದ ತಾರೀಕು, ತೂತು, ಬಣ್ಣ, ಇಂಥ ಚೂರುಗಳನ್ನು ಜೋಡಿಸಿ ನೋಡಬೇಕು. ಅದಕ್ಕೆ ಅರ್ಧ ದಿನ ಬೇಕು, ಜಾಕ್ ಬೇಕು, ಗೊತ್ತಿರುವವರು ಬೇಕು. ಹರಾಜಿನಲ್ಲಿ ಈ ಮೂರಕ್ಕೂ ಜಾಗ ಇಲ್ಲ. (1970ರಲ್ಲಿ 396 ಅಂತ ಬ್ಯಾಡ್ಜ್ ಹಾಕಿ ಮಾರಿದ ಇಂಜಿನ್ನಿನ ನಿಜವಾದ ಗಾತ್ರ 402. ಅದು ಕಂಪನಿಯೇ ಮಾಡಿದ್ದು, ಎಲ್ಲರಿಗೂ ಗೊತ್ತಿರುವುದು.)

ತುಕ್ಕಿನ ವಿಷಯ ಬಿಟ್ಟೆ. ಡೆಟ್ರಾಯ್ಟ್ ಊರಿನ ಕೆಳಗೆ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ. ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೆ ಸುರಿಯುವುದು ಇಂಥ ಉಪ್ಪನ್ನೇ. ಆ ಉಪ್ಪು ತಿಂದ ತಗಡಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ದೀಪದ ಬೆಳಕಿನಲ್ಲಿ ಏನೂ ಗೊತ್ತಾಗಲ್ಲ. ಹಿಂದಿನ ಚಕ್ರದ ಮೇಲಿನ ಭಾಗಕ್ಕೆ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಅಲ್ಲಿ ತಗಡಿಲ್ಲ.

ನನ್ನನ್ನು ಕೇಳುವ ಸ್ನೇಹಿತರಿಗೆ ಹರಾಜಿಗೆ ಹೋಗಲೇಬೇಡಿ ಅಂತ ಹೇಳುವುದಿಲ್ಲ. ಆದರೆ ಕಾರಿನ ಪಟ್ಟಿ ಬಂದ ದಿನವೇ ಮಾರುವವರ ಜೊತೆ ಫೋನಿನಲ್ಲಿ ಮಾತಾಡಿಸಿ ಅಂತ ಹರಾಜಿನವರನ್ನು ಕೇಳಿ. ಎರಕದ ತಾರೀಕಿನ ಫೋಟೋ ಕೇಳಿ. ನೋಡುವ ದಿನಕ್ಕೆ ದುಡ್ಡು ಕೊಟ್ಟಾದರೂ ಗೊತ್ತಿರುವವರನ್ನು ಕರೆದುಕೊಂಡು ಹೋಗಿ. ಮಾತಾಡಲು ಒಪ್ಪದಿದ್ದರೆ, ಫೋಟೋ ಕೊಡದಿದ್ದರೆ, ಅದನ್ನು ಸಾದಾ ಮಲಿಬು ಅಂತಲೇ ಲೆಕ್ಕ ಹಾಕಿ, ಕಮಿಷನ್ ತೆರಿಗೆ ಸೇರಿಸಿ, ಅಷ್ಟಕ್ಕೇ ಕೈ ಎತ್ತಿ.

2022ರ ಬೇಸಿಗೆಯಲ್ಲಿ ಕಾರು ಮಾರಲು ತೀರ್ಮಾನ ಮಾಡಿದೆ. ಹರಾಜಿಗೆ ಹಾಕಲಿಲ್ಲ. ಮನೆ ಮುಂದೆ ನಿಲ್ಲಿಸಿ, ಹಾಳೆಯ ಮೇಲೆ ದೊಡ್ಡದಾಗಿ ಬರೆದೆ: 1970 ಮಲಿಬು, ಮೂಲ ಬಣ್ಣ ಹಸಿರು, ಇಂಜಿನ್ ಬೇರೆ ಕಾರಿನದು. ಎರಡು ವಾರ ಯಾರೂ ನಿಲ್ಲಲಿಲ್ಲ. ಎಸ್‌ಎಸ್ ಬ್ಯಾಡ್ಜ್ ನೋಡಿ ನಿಧಾನ ಮಾಡಿದವರು ಹಾಳೆ ಓದಿ ಮುಂದೆ ಹೋದರು. ಮೂರನೇ ಭಾನುವಾರ ಒಬ್ಬ ಹುಡುಗ ಬಂದ, ಇಪ್ಪತ್ತೈದು ಇರಬಹುದು, ಜೊತೆಗೆ ಅವನ ತಂದೆ. ಹುಡುಗ ಕಾರಿನ ಸುತ್ತ ತಿರುಗುತ್ತಿದ್ದ. ತಂದೆ ನನ್ನ ಪಕ್ಕ ಬಂದು ನಿಂತರು. ಇಷ್ಟು ಚೆನ್ನಾಗಿದೆ, ಯಾಕೆ ಮಾರುತ್ತಿದ್ದೀರಿ ಅಂತ ಕೇಳಿದರು.

ನಾನು ಅವರಿಗೆ ಎಲ್ಲ ಹೇಳಿದೆ. ಹರಾಜು, 52 ಸಾವಿರ, ತಗಡಿನ ಮೇಲಿನ 45, ಗ್ಲೌಬಾಕ್ಸ್ ಹಿಂದಿನ ಹಸಿರು. ಹೇಳುವಾಗ ಅವರು ಕಾರು ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಅರ್ಧ ಗಂಟೆ ಆಗಿರಬೇಕು. ಆಮೇಲೆ ಜಾಕ್ ಹಾಕಿ ಕಾರು ಎತ್ತಿ, ಸ್ಟ್ಯಾಂಡ್ ಕೊಟ್ಟು, ಹುಡುಗನ ಕೈಗೆ ಕನ್ನಡಿ, ಟಾರ್ಚ್ ಕೊಟ್ಟೆ. ಅವನು ಕೆಳಗೆ ತೆವಳಿ ಹೋಗಿ ತುಂಬಾ ಹೊತ್ತು ನೋಡಿ, ಅಲ್ಲಿಂದಲೇ ಕೂಗಿ ಅಪ್ಪನಿಗೆ ಹೇಳಿದ, ಡಿ 8 0 ಅಂತ. ಎದ್ದು ಬಂದು ಅಂಗಿಯ ಮಣ್ಣು ಕೊಡವಿಕೊಂಡ. ಕಾರು ಇಳಿಸಿ ಕೀ ಅವನ ಕೈಗೆ ಕೊಟ್ಟೆ. ಹೆದ್ದಾರಿಯ ತನಕ ಹೋಗಿ ಬನ್ನಿ, ಎಷ್ಟು ಹೊತ್ತಾದರೂ ಪರವಾಗಿಲ್ಲ ಅಂದೆ.